ಬಲಕ್ಕೆ ಬಿದ್ದ ಹೂವು

ಹೂವು ಬಲಕ್ಕೆ ಬಿತ್ತು. ನಾನು ಮನೆಗೆ ಬಂದು, ಎಡಕ್ಕೆ ಬಿತ್ತು ಎಂದು ಹೇಳಿದೆ.

ಇಷ್ಟೇ ನನ್ನ ತಪ್ಪು. ಬರೆದರೆ ಎರಡು ಸಾಲಾಗುತ್ತದೆ — ಆದರೆ ಇದನ್ನು ಬಾಯಿಬಿಟ್ಟು ಹೇಳಲು ನನಗೆ ವರ್ಷಗಳೇ ಬೇಕಾದವು. ಆ ಸುಳ್ಳನ್ನು ನಾನು ಹೇಳಿದ್ದು ನನ್ನ ಅತ್ತೆ ಮುನಿಯಮ್ಮನವರಿಗೆ. ಅದರಿಂದ ನಮ್ಮ ಮನೆಯಿಂದ ಹೋದದ್ದು ಒಂದು ಜೀಪು. ಜೀಪು ಮಾತ್ರ ಹೋಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಾನು ಗದಗಿನ ಕಡೆಯವಳು. ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಬಂದೆ. ನನ್ನ ಗಂಡ ಮಂಜುನಾಥ ಕಾರ್ಖಾನೆಯ ನೌಕರಿ ಮಾಡುವವರು, ಮಾತು ಕಡಿಮೆ. ಅತ್ತೆ ಹುಟ್ಟಿ ಬೆಳೆದದ್ದು ಶೆಟ್ಟಿಹಳ್ಳಿಯಲ್ಲಿ, ಅದು ಹಳ್ಳಿಯಾಗಿದ್ದಾಗ. ಮದುವೆಯಾಗಿ ಕೆಲವು ವರ್ಷದ ಮೇಲೆ ಒಂದು ದಿನ ನನ್ನ ಗಂಡ ಹಸಿರು ಬಣ್ಣದ ಹಳೆಯ ಜೀಪೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಮೇಲೆ ಚಾವಣಿ ಇಲ್ಲ, ಪಕ್ಕಕ್ಕೆ ಗಾಜಿಲ್ಲ, ಬೀಗ ಹಾಕಲು ಜಾಗವೂ ಇಲ್ಲ. ಮಳೆ ಬಂದರೆ ಹಾಕಿಕೊಳ್ಳಲು ಮಡಚಿಟ್ಟ ಒಂದು ಟಾರ್ಪಾಲು. ಮುಂದೆ ಎರಡು ಸೀಟು, ಹಿಂದೆ ಎದುರುಬದುರಾಗಿ ಎರಡು ಬೆಂಚು. 'ಇದೇನ್ರಿ, ಅರ್ಧಾ ಕಟ್ಟಿ ಬಿಟ್ಟ ಮನಿ ತಂದೀರಲ್ಲ' ಎಂದು ನಾನು ಅಂದೆ. ಅವರು ನಕ್ಕರು. ಅಷ್ಟು ಬಾಯ್ತುಂಬ ಅವರು ನಕ್ಕದ್ದನ್ನು ನಾನು ಆ ಮೊದಲು ನೋಡಿರಲಿಲ್ಲ.

ಅದರ ದೋಷಗಳನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡರೆ ಮನೆಗೆ ಬಂದು ಮುಖ ತೊಳೆದ ನೀರು ಕರ್ರಗೆ ಹೋಗುತ್ತಿತ್ತು. ಡೀಸೆಲ್ ಕುಡಿಯುವುದರಲ್ಲಿ ಅದಕ್ಕೆ ನಾಚಿಕೆ ಎಂಬುದೇ ಇರಲಿಲ್ಲ. ಒಂದು ಚೀಲ ಬಿಟ್ಟು ಅಂಗಡಿಗೆ ಇಳಿಯುವಂತಿರಲಿಲ್ಲ. ರಸ್ತೆಯ ಉಬ್ಬುಗಳೆಲ್ಲ ನೇರವಾಗಿ ಸೊಂಟಕ್ಕೆ ಬರುತ್ತಿದ್ದವು. ಮಾತಾಡಬೇಕೆಂದರೆ ಕಿರುಚಬೇಕು, ಕಿರುಚಿದರೆ ಜಗಳ ಎಂದು ಪಕ್ಕದ ಸ್ಕೂಟರಿನವರು ತಿರುಗಿ ನೋಡುತ್ತಿದ್ದರು. ಗಣೇಶನ ಹಬ್ಬ ಬಂದರೆ ಬೀದಿಯ ಹುಡುಗರು ಬಂದು, 'ಆಂಟಿ, ಗಣೇಶನ್ನ ಕೂರ್ಸಕ್ಕೆ ನಿಮ್ ಜೀಪೇ ಬೇಕು ಕಣ್ರೀ' ಎಂದು ಕೇಳಿ ಒಯ್ಯುತ್ತಿದ್ದರು. ಸೀಟಿನ ಸಂದಿಯಿಂದ ಬಣ್ಣದ ಪುಡಿಯನ್ನು ಕೆರೆದು ತೆಗೆಯುವ ಕೆಲಸ ಮಾತ್ರ ದೀಪಾವಳಿಯವರೆಗೂ ನನ್ನದೇ.

ಇದೆಲ್ಲ ನಿಜ. ಆದರೆ ಇದ್ಯಾವುದೂ ಕಾರಣವಲ್ಲ.

ಭಾನುವಾರ ನಸುಕಿನಲ್ಲಿ ನನ್ನ ಗಂಡ ಜೀಪು ತೆಗೆಯುತ್ತಿದ್ದರು. ಅತ್ತೆಗೆ ಮಂಡಿನೋವು, ಹಿಂದಕ್ಕೆ ಹತ್ತಲು ಆಗದು. ಹಾಗಾಗಿ ಮುಂದಿನ ಸೀಟು ಅವರದು. ಶಾಲು ಹೊದ್ದು, ಎದುರಿನ ಕಂಬಿ ಹಿಡಿದು ಕೂರುತ್ತಿದ್ದರು. ಜಾಲಹಳ್ಳಿಯ ದೊಡ್ಡ ಮರಗಳ ಕೆಳಗೆ ಹೋಗುವಾಗ ಅವರು ತಲೆಯನ್ನು ಹಿಂದಕ್ಕೆ ಚೆಲ್ಲಿಬಿಡುತ್ತಿದ್ದರು. ಎಲೆ, ಎಲೆಯ ನಡುವೆ ಬೆಳಕು, ಮತ್ತೆ ಎಲೆ — ಅವರ ಮುಖದ ಮೇಲೆ ಅದೆಲ್ಲ ಸರಿಯುತ್ತ ಹೋಗುತ್ತಿತ್ತು. ಯಲಹಂಕದ ಕೆರೆಯ ಮಗ್ಗುಲಿಗೆ ಬರುವಷ್ಟರಲ್ಲಿ ಮಂಜು ಜೀಪಿನೊಳಕ್ಕೇ ಬಂದು ಕೂರುತ್ತಿತ್ತು. ನಮ್ಮ ಮೂವರ ಮಡಿಲಿನಲ್ಲೂ ಮಂಜು. ಎಲ್ಲಿಂದಲೋ ನೀಲಗಿರಿ ಎಲೆಯ ವಾಸನೆ, ಎಲ್ಲಿಂದಲೋ ಆಗಷ್ಟೇ ಬೆಂದ ಬನ್ನಿನ ವಾಸನೆ. ಗಾಜಿನ ಒಳಗೆ ಕೂತವರಿಗೆ ಊರು ಕಾಣುತ್ತದೆ ಅಷ್ಟೆ. ನಮಗೆ ಅದು ಮೈಗೆ ತಾಗುತ್ತಿತ್ತು. ಆಕಾಶದಲ್ಲಿ ವಿಮಾನವೊಂದು ಸದ್ದಿಲ್ಲದೆ ತಿರುಗುತ್ತಿದ್ದರೆ ಅತ್ತೆ ಅದು ಕಣ್ಮರೆಯಾಗುವವರೆಗೂ ಕತ್ತು ತಿರುಗಿಸುತ್ತಿದ್ದರು.

'ಕೆಳಗಿಂದೆಲ್ಲ ಓಯ್ತು ಕಣವ್ವ. ಒಲ ಓಯ್ತು, ಕೆರೆ ಓಯ್ತು. ಮ್ಯಾಲಿಂದು ಮಾತ್ರ ನಾನು ಚಿಕ್ಕವಳಿದ್ದಾಗ ಎಂಗಿತ್ತೋ ಅಂಗೇ ಅದೆ' ಎಂದು ಒಮ್ಮೆ ಅವರು ಹಿಂದಕ್ಕೆ ತಿರುಗಿ ನನಗೆ ಹೇಳಿದರು.

ನಾನು ಹಿಂದಿನ ಬೆಂಚಿನಲ್ಲಿ ಅಡ್ಡಡ್ಡ ಕೂತು, ಕಾಲ ಕೆಳಗಿನ ತರಕಾರಿ ಚೀಲವನ್ನು ಹಿಡಿದುಕೊಂಡು ಹೂಂ ಎಂದೆ. ಹಿಂದೆ ಕೂತವರಿಗೆ ಬರುವ ದಾರಿ ಕಾಣುವುದಿಲ್ಲ, ಬಿಟ್ಟುಹೋದದ್ದಷ್ಟೇ ಕಾಣುತ್ತದೆ. ಮುಂದೆ ತಾಯಿ-ಮಗ ಇಬ್ಬರೂ ಒಂದೇ ಕಡೆ ನೋಡುತ್ತ, ಒಂದೇ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು... ಆ ಸೀಟು ನನಗೆ ಬೇಕಿತ್ತು. ಗಂಡನ ಪಕ್ಕದಲ್ಲಿ ಒಂದು ಭಾನುವಾರ ಕೂರಬೇಕಿತ್ತು. ಕೇಳಿದ್ದರೆ ಅತ್ತೆ ಕೊಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ — ಮಂಡಿನೋವಿನ ಮುದುಕಿಯ ಹತ್ತಿರ ಸೀಟು ಕೇಳುವುದು ಹೇಗೆ? ಕೇಳದೇ ಒಳಗೊಳಗೇ ಉರಿದೆ.

ಆಮೇಲೆ ಆ ಮಳೆ. ಆರ್.ಟಿ. ನಗರದಲ್ಲಿ ನನ್ನ ಅಕ್ಕನ ಮೊಮ್ಮಗುವಿನ ತೊಟ್ಟಿಲ ಕಾರ್ಯ. ನನ್ನ ಅವ್ವ ಕೊಟ್ಟ ಇಳಕಲ್ ಸೀರೆ ಉಟ್ಟಿದ್ದೆ. ಹೆಬ್ಬಾಳದ ಫ್ಲೈಓವರಿನ ಮೇಲೆ ವಾಹನಗಳೆಲ್ಲ ನಿಂತುಬಿಟ್ಟಿದ್ದಾಗ ಹನಿ ಬಿದ್ದಿತು. ನನ್ನ ಗಂಡ ಇಳಿದು ಟಾರ್ಪಾಲು ಬಿಚ್ಚಿ, ಒಂದೊಂದೇ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಮಳೆಯೇ ನಿಂತಿತು. ಸೆರಗಿನ ಕೆಂಪು ಇಳಿದು ಇಡೀ ಸೀರೆಗೆ ಹತ್ತಿತ್ತು. ಮುಂದಿನ ಸೀಟಿನಲ್ಲಿ ತೊಪ್ಪೆಯಾಗಿ ಕೂತಿದ್ದ ಅತ್ತೆ ಅಂಗೈ ಒಡ್ಡಿ, ಕೊನೆಯ ಹನಿಗಳನ್ನು ಹಿಡಿಯುತ್ತ ನಗುತ್ತಿದ್ದರು. ಮಳೆಗೆ ನಕ್ಕದ್ದು ಅದು. ನನಗೆ ನಕ್ಕರು ಎಂದುಕೊಂಡೆ. ಇಲ್ಲ, ನನಗಲ್ಲ ಎಂದು ಆಗಲೂ ಗೊತ್ತಿತ್ತು — ಆದರೂ ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು.

ಅಂದು ಮನೆಗೆ ಬಂದು ರಂಪ ಮಾಡಿದೆ. ಈ ಜೀಪು ಇರಬೇಕು, ಇಲ್ಲ ನಾನಿರಬೇಕು ಎಂದೆ. ನನ್ನ ಗಂಡ ಚಪ್ಪಲಿ ನೋಡುತ್ತ ಕೂತರು. ಅತ್ತೆ ಬಾಯಿಬಿಟ್ಟು ಒಂದು ಮಾತು 'ಇರಲಿ' ಎಂದಿದ್ದರೆ ಜೀಪು ಉಳಿಯುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಮಗನ ಪರ ಅಲ್ಲ, ಸೊಸೆಯ ಪರ ಅಲ್ಲ, ತಮ್ಮ ಆಸೆಯ ಪರವೂ ಅಲ್ಲ ಎನ್ನುವ ಹಾಗೆ, 'ಅಮ್ಮನ್ನ ಕೇಳ್ಬುಡಣ' ಎಂದರು.

ಶೆಟ್ಟಿಹಳ್ಳಿಯಲ್ಲಿ ಅವರ ತವರಿನವರು ನಡೆದುಕೊಳ್ಳುವ ಅಮ್ಮನ ಗುಡಿಯಿದೆ. ನಮ್ಮ ಕಡೆಯ ದ್ಯಾಮವ್ವನ ಹಾಗೇ ದೊಡ್ಡ ಕಣ್ಣಿನ ತಾಯಿ. ಮನೆಯಲ್ಲಿ ಯಾವ ಮಾತು ಬಗೆಹರಿಯದಿದ್ದರೂ ಅಲ್ಲಿ ಹೋಗಿ ಹೂ ಕೇಳುವುದು ಪದ್ಧತಿ. ಪೂಜಾರಿ ನೀರಲ್ಲಿ ಅದ್ದಿದ ಹೂಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೈಮುಗಿದು ಕೇಳಬೇಕು. ಅಮ್ಮನ ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಅದರ ಮೇಲೆ ಮಾತಿಲ್ಲ.

'ನೀನೇ ಓಗಿ ಬಾರವ್ವ. ಗಾಡಿ ಇಸ್ಯ ಕೇಳಕ್ಕೆ ಗಾಡೀಲೇ ಓಗಬಾರ್ದು, ನನ್ ಮಂಡಿ ಆಗಕಿಲ್ಲ. ನಡ್ಕೊಂಡೋಗು. ಗಾಡಿ ಇಟ್ಕೊಳ್ಳಲಾ ತಾಯಿ ಅಂತ ಕೇಳು' ಎಂದರು. ಯಾರು ಜೀಪು ಬೇಡ ಎನ್ನುತ್ತಾಳೋ ಅವಳ ಕೈಯಲ್ಲೇ ಪ್ರಶ್ನೆ ಕೊಟ್ಟು ಕಳಿಸಿದರು — ನನ್ನನ್ನು ಅಷ್ಟು ನಂಬಿದ್ದರು.

ಅರ್ಧ ದಾರಿ ಆಟೋದಲ್ಲಿ ಹೋದೆ. ಸುಳ್ಳು ಅಲ್ಲಿಂದಲೇ ಶುರುವಾಗಿತ್ತು.

ಗುಡಿಯಲ್ಲಿ ನಾನು ಮತ್ತು ಪೂಜಾರಿ ಇಬ್ಬರೇ. ಕೇಳಿ ಕಣ್ಣು ಬಿಡುವುದರೊಳಗೆ ಬಲ ಭುಜದ ಸೇವಂತಿಗೆ ಜಾರಿ ಪಾದದ ಮೇಲೆ ಬಿದ್ದಿತು. ಅಮ್ಮನ ಬಲವೋ ನೋಡುವವರ ಬಲವೋ ಎಂದು ಗೊಂದಲವಾಯಿತು, ಹೊರಗಿನವಳು ನಾನು — ಹೀಗೊಂದು ನೆಪವನ್ನು ಬಹಳ ದಿನ ಸಾಕಿಕೊಂಡಿದ್ದೆ. ಗೊಂದಲವೇನೂ ಆಗಿರಲಿಲ್ಲ. ಪೂಜಾರಿಯೇ ನಗುತ್ತ, 'ಬಲಗಡೆ ಕೊಟ್ಳು ತಾಯಿ. ಗಾಡಿ ಇರ್ಲಿ ಅಂತ ಏಳಮ್ಮ ಮುನಿಯಕ್ಕಂಗೆ' ಎಂದು ಹೂವನ್ನು ನನ್ನ ಕೈಗೆ ಕೊಟ್ಟರು. ಹಿಂದಿರುಗುವ ದಾರಿಯಲ್ಲಿ ಒಂದು ಹೊಂಗೆಯ ಮರ. ಅದರ ಬುಡದಲ್ಲಿ ಹೂವಿಟ್ಟೆ. ಚರಂಡಿಗೆ ಎಸೆಯಲು ಧೈರ್ಯ ಬರಲಿಲ್ಲ, ಮನೆಗೆ ಒಯ್ಯಲು ಮನಸ್ಸು ಬರಲಿಲ್ಲ.

ಅತ್ತೆ ಗೇಟಿನ ಹತ್ತಿರವೇ ನಿಂತಿದ್ದರು. ಒಂದು ಕೈ ಜೀಪಿನ ಮೇಲಿತ್ತು.

'ಊವ ಯಾವ ಕಡೆ ಬಿತ್ತವ್ವ?'

'ಎಡಕ್ಕ ಬಿತ್ರಿ, ಅತ್ತಿ.'

ಆ ಕೈ ಜೀಪಿನ ಮೇಲಿಂದ ನಿಧಾನವಾಗಿ ಕೆಳಗಿಳಿಯಿತು. ಅದನ್ನು ನಾನು ನೋಡಿದೆ. ಆಗಲೇ ತಡೆದು ಹೇಳಿಬಿಡಬಹುದಿತ್ತು...

ಜೀಪನ್ನು ಯಾರೋ ಬಂದು ಒಯ್ದರು. ನನ್ನ ಗಂಡ ಬೀದಿಯ ತಿರುವಿನವರೆಗೂ ಅದರ ಹಿಂದೆ ನಡೆದು ಹೋಗಿ ಬಂದರು. ನಾಲ್ಕೂ ಕಡೆ ಗಾಜಿರುವ, ಒಳಗೆ ತಣ್ಣಗಿರುವ ಕಾರು ಬಂತು. ಮುಂದಿನ ಸೀಟು ನನಗೆ ಸಿಕ್ಕಿತು. ಮುಚ್ಚಿದ ಕಾರಿನಲ್ಲಿ ಅತ್ತೆಗೆ ವಾಕರಿಕೆ. ಮೊದಮೊದಲು ಹಿಂದೆ ಕೂತು, 'ವಸಿ ಗಾಜು ಇಳಿಸ್ತೀಯೇನವ್ವ' ಎಂದು ಕೇಳುತ್ತಿದ್ದರು. ಧೂಳು ಬರ್ತದ್ರಿ ಎನ್ನುತ್ತಿದ್ದೆ. ಬರಬರುತ್ತ ಅವರು ಕೇಳುವುದನ್ನೂ ಬಿಟ್ಟರು, ಬರುವುದನ್ನೂ ಬಿಟ್ಟರು. ನನ್ನ ಗಂಡ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ತೆರೆದ ಜೀಪೊಂದು ಬಂದು ನಿಂತರೆ ಅದನ್ನೇ ನೋಡುತ್ತ, ಹಸಿರು ದೀಪ ಬಂದದ್ದನ್ನು ಮರೆಯುತ್ತಿದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಅತ್ತೆ ಅಮ್ಮನ ಮಾತನ್ನು ಜೀಪಿನ ಮೇಲಿನ ತೀರ್ಪು ಎಂದು ತಿಳಿಯಲಿಲ್ಲ, ತಮ್ಮ ಮೇಲಿನ ಸಿಟ್ಟು ಎಂದು ತಿಳಿದರು. 'ಗಂಡ ಸತ್ತೋಳು, ಬಯಲಾಗೆ ಕುಂತು ಮೆರೆದೆ. ಅದ್ಕೇ ತಾಯಿ ಮುನಿಸ್ಕೊಂಡ್ಳು' ಎಂದು ಒಂದು ಸಂಜೆ ಸೊಪ್ಪು ಬಿಡಿಸುತ್ತ ತಮಗೆ ತಾವೇ ಹೇಳಿಕೊಂಡರು. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ತಪ್ಪು ಕಾಣಿಕೆ ಎಂದು ದೇವರ ಗೂಡಿನ ಮೊಳೆಗೆ ಮುಡಿಪು ತೂಗುಹಾಕಿದರು. ಒಪ್ಪಿಸಲು ಗುಡಿಗೆ ಹೋಗಲಿಲ್ಲ, ಅಮ್ಮನಿಗೆ ಮುಖ ತೋರಿಸುವ ಧೈರ್ಯ ಬರಲಿ ಎಂದರು. ಅವರು ಹೋಗದೇ ಇದ್ದುದರಿಂದ ಪೂಜಾರಿಯ ಮಾತು ಅವರ ಕಿವಿಗೆ ಬೀಳಲಿಲ್ಲ, ನಾನು ಬಚಾವಾದೆ. ಅಂದಿನಿಂದ ಮಂಗಳವಾರ ಒಪ್ಪತ್ತು ಹಿಡಿದರು — ಮಧ್ಯಾಹ್ನ ಉಂಡರೆ ರಾತ್ರಿ ಬರೀ ನೀರು. ಆ ಮುಡಿಪಿನ ಧೂಳನ್ನು ಪ್ರತಿ ಶುಕ್ರವಾರ ಒರೆಸುವವಳು ನಾನೇ.

ಕನಸಿನಲ್ಲಿ ಆ ಜೀಪು ಬರುತ್ತಿತ್ತು, ಈಗಲೂ ಬರುತ್ತದೆ. ಶೆಟ್ಟಿಹಳ್ಳಿಯ ಅಪಾರ್ಟ್‌ಮೆಂಟುಗಳಿರುವಲ್ಲಿ ರಾಗಿ ಹೊಲ, ಹೊಲದ ಮೇಲೆ ತೇಲಿದ ಹಾಗೆ ಜೀಪು. ಮುಂದಿನ ಸೀಟು ಖಾಲಿ. ನಾನು ಹಿಂದೆ ಬೆಂಚಿನಲ್ಲಿ ಕೂತು, 'ಅತ್ತಿ, ಮುಂದ ಕೂಡ್ರಿ' ಎಂದು ಕೂಗುತ್ತಿರುತ್ತೇನೆ. ಜೀಪಿನ ಸದ್ದಿಗೆ ನನ್ನ ದನಿ ಕೇಳುವುದಿಲ್ಲ.

ಮೊನ್ನೆ ಒಂದು ಬುಧವಾರ ಬೆಳಿಗ್ಗೆ ಅತ್ತೆ ನಲ್ಲಿಯ ಹತ್ತಿರ ತಲೆ ತಿರುಗಿ ಕುಸಿದರು. ಸಕ್ಕರೆ ಕಾಯಿಲೆ ಇರುವವರು ಉಪವಾಸ ಮಾಡಲೇಕೂಡದು ಎಂದು ಡಾಕ್ಟರು ಗದರಿದರು. ಅತ್ತೆ ತಲೆಯಾಡಿಸಿದರು. ಮುಂದಿನ ಮಂಗಳವಾರ ಸಂಜೆ ತಟ್ಟೆ ಇಟ್ಟರೆ ಮತ್ತೆ ದೂಡಿದರು.

'ಅಮ್ಮನ ಸಿಟ್ಟು ಇಳೀಲಿ ತಡಿ, ಆಮ್ಯಾಕೆ ಉಣ್ತೀನಿ.'

ಇನ್ನು ಎಲ್ಲಿಗೆಂದು ಓಡಲಿ? ತಟ್ಟೆಯ ಪಕ್ಕದಲ್ಲೇ ಕೂತೆ. 'ಅತ್ತಿ, ಅವತ್ತು ಹೂ ಬಲಕ್ಕ ಬಿದ್ದಿತ್ರಿ. ನಾ ಸುಳ್ಳ ಹೇಳಿದೆ' ಎಂದೆ.

ಬೈಯಲಿ ಎಂದು ಕಾದೆ. ಹೊಡೆದಿದ್ದರೂ ಹಗುರಾಗುತ್ತಿದ್ದೆ. ಅವರು ನನ್ನನ್ನು ನೋಡಲೇ ಇಲ್ಲ. ಒಂದೇ ಮಾತು ಕೇಳಿದರು: 'ಬಲಕ್ಕಾ?'

'ಹೌದ್ರಿ.'

'ಅಂಗಾರೆ ತಾಯಿ ನನ್ ಮ್ಯಾಲೆ ಮುನಿಸ್ಕೊಂಡಿರ್ಲಿಲ್ಲ.'

ಅವರ ಮುಖ ಮೇಲಕ್ಕೆ ಎದ್ದಿತು, ಜೀಪಿನಲ್ಲಿ ಮರಗಳ ಕೆಳಗೆ ಏಳುತ್ತಿದ್ದಂತೆ. ಮೇಲೆ ಇದ್ದದ್ದು ಅಡುಗೆಮನೆಯ ಚಾವಣಿ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಟ್ಟೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಒಂದೊಂದೇ ತುತ್ತು ನುಂಗಿ ಮುಗಿಸಿದರು. ಕೈ ತೊಳೆದು ಬಂದು, 'ಆ ಮುಡಿಪು ಇಳಿಸವ್ವ' ಎಂದರು. ಇಳಿಸಿ ಕೊಟ್ಟೆ. ಅದನ್ನು ನನ್ನ ಅಂಗೈಯಲ್ಲೇ ಮತ್ತೆ ಇಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದರು.

'ಇದು ನಿಂದು ಕಣವ್ವ. ನಂದಲ್ಲ.'

ಕೋಣೆಗೆ ಹೋಗುತ್ತ ಬಾಗಿಲಲ್ಲಿ ನಿಂತು, 'ನಡ್ಕೊಂಡೇ ಓಗು' ಎಂದರು. ಅದಾದ ಮೇಲೆ ಈ ವಿಷಯ ಎತ್ತಿಲ್ಲ. ಕ್ಷಮಿಸಿದ್ದಾರೋ ಇಲ್ಲವೋ ನನಗೆ ತಿಳಿಯದು, ಕೇಳುವ ಹಕ್ಕೂ ನನಗಿಲ್ಲ.

ಇವತ್ತು ಮಂಗಳವಾರ. ಒಪ್ಪತ್ತು ಈಗ ನನ್ನದು. ಗಂಡನಿಗೆ ಸಂಜೆ ಹೇಳುತ್ತೇನೆ, ಅವರು ಏನೆಂದರೂ ಕೇಳಿಸಿಕೊಳ್ಳುತ್ತೇನೆ. ಅತ್ತೆ ಹೊರಗೆ ಗೇಟಿನ ಹತ್ತಿರ, ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದಾರೆ. ಮುಡಿಪು ನನ್ನ ಸೆರಗಿನ ಗಂಟಿನಲ್ಲಿದೆ. ಬೀದಿಯ ಕೊನೆಯಲ್ಲಿ ಆಟೋ ನಿಂತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅದನ್ನು ದಾಟಿಕೊಂಡು ನಾನು ಶೆಟ್ಟಿಹಳ್ಳಿಗೆ ನಡೆದು ಹೊರಡುತ್ತೇನೆ.