ಹೊಳೆದಂಡೆಯ ಹದಿನೇಳನೇ ಮನೆ

ನಮ್ಮ ಮನೆಯ ಗೇಟಿನ ಮುಂದೆ ರಸ್ತೆ ಮುಗಿಯುತ್ತದೆ. ಮೊದಲು ಮುಗಿಯುತ್ತಿರಲಿಲ್ಲ. ಇಳಿಜಾರಿನಲ್ಲಿ ಇನ್ನೂ ಒಂದಿಷ್ಟು ದೂರ ಹೋಗಿ, ಹದಿನಾರು ಮನೆಗಳ ಮುಂದೆ ಹಾದು, ಕಾವೇರಿಯ ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ನಿಲ್ಲುತ್ತಿತ್ತು. ಒಂದು ಮಳೆಗಾಲದಲ್ಲಿ ಹೊಳೆ ಆ ಮನೆಗಳನ್ನೂ ರಸ್ತೆಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು. ಆದರೆ ಫೋನಿನೊಳಗೆ ದಾರಿ ಹೇಳುವ ಹೆಂಗಸಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಹೋಂಸ್ಟೇ ಹುಡುಕಿಕೊಂಡು ಬರುವ ಕಾರುಗಳಿಗೆ ಅವಳು ನೇರ ಹೋಗಿ ಅನ್ನುತ್ತಾಳೆ. ನಾನು ಗೇಟಿನ ಹೊರಗೆ ಬಂದು, "ಮುಂದೆ ರಸ್ತೆ ಇಲ್ಲ" ಅಂದರೆ, "ಇಲ್ಲಿ ತೋರಿಸ್ತಾ ಇದೆಯಲ್ಲ ಸರ್" ಅನ್ನುತ್ತಾರೆ. ಹೊಳೆ ಅವರ ಎದುರಿಗೇ ಕಾಣುತ್ತಿರುತ್ತದೆ. ಹೊಳೆಯನ್ನೊಮ್ಮೆ, ಫೋನನ್ನೊಮ್ಮೆ ನೋಡುತ್ತಾರೆ, ಎರಡರಲ್ಲಿ ಸುಳ್ಳು ಹೇಳುತ್ತಿರುವುದು ಹೊಳೆಯೇ ಇರಬೇಕು ಎಂಬಂತೆ.

ನೆಲ್ಯಹುದಿಕೇರಿಯ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಮೂವತ್ತೊಂದು ವರ್ಷ ರೈಟರ್ ಆಗಿದ್ದೆ. ತೋಟದಲ್ಲಿ ರೈಟರ್ ಅಂದರೆ ಕತೆ ಬರೆಯುವವನಲ್ಲ, ಬೆಳಿಗ್ಗೆ ಆಳುಗಳ ಹಾಜರಿ ಬರೆಯುವವನು. ಕೊನೆಕೊನೆಗೆ ಹಾಜರಿಗೆ ಹೆಬ್ಬೆಟ್ಟಿನ ಮಿಷನ್ ಬಂತು. ವರ್ಷಗಟ್ಟಲೆ ಕಾಫಿ ಕೊಯ್ದು ಗೆರೆ ಸವೆದುಹೋದ ಬೆರಳುಗಳನ್ನು ಅದು ಗುರುತಿಸುತ್ತಿರಲಿಲ್ಲ. ನಾನು ಸೇರಿದ ದಿನದಿಂದ ನೋಡುತ್ತಿದ್ದ ಹೆಂಗಸು ಬುಟ್ಟಿ ಹಿಡಿದು ಎದುರಿಗೇ ನಿಂತಿದ್ದರೂ, ಮಿಷನ್ ಇಲ್ಲ ಅಂದರೆ ಅವಳು ಬಂದಿಲ್ಲ ಅಂತಲೇ ಲೆಕ್ಕ. ಅದನ್ನು ನೋಡಿ ನಗುತ್ತಿದ್ದೆ. ನನ್ನ ಪುಸ್ತಕ ಮಾತ್ರ ಯಾರನ್ನೂ ಬಿಟ್ಟಿಲ್ಲ ಅಂದುಕೊಂಡಿದ್ದೆ.

ಮಾಡೆಲ್ ಮಾಡುವುದು ನನ್ನ ಹಳೆಯ ಹುಚ್ಚು. ಮದುವೆ ಕಾಗದದ ರಟ್ಟು, ಸಿಲ್ವರ್ ಓಕಿನ ಚೂರು, ಕಾಫಿ ಗಿಡದ ಒಣ ಕಡ್ಡಿ, ಒಂದು ಬ್ಲೇಡು, ಒಂದು ಡಬ್ಬಿ ಅಂಟು. ಇಷ್ಟರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ತೋಟದ ಹಳೆಯ ಪಲ್ಪಿಂಗ್ ಮನೆ, ಮೂಲೆ ಸೇರಿದ ಜೀಪು, ಹೊಳೆಯ ತೂಗುಸೇತುವೆ ಎಲ್ಲ ಮಾಡಿದ್ದೇನೆ. ನೆಂಟರ ಹುಡುಗನೊಬ್ಬ ಜೀಪನ್ನು ನೋಡಿ, "ಇದನ್ನ ಪ್ರಿಂಟರಲ್ಲಿ ಎರಡು ಗಂಟೆಯಲ್ಲಿ ತೆಗೀಬಹುದು" ಅಂದ. ಉಳಿದ ದಿನವೆಲ್ಲ ನಾನು ಏನು ಮಾಡಲಿ ಎಂದು ಕೇಳಿದೆ. ಅದಕ್ಕೆ ಅವನ ಹತ್ತಿರ ಆ್ಯಪ್ ಇರಲಿಲ್ಲ.

ಹೊಳೆದಂಡೆಯ ಮನೆಗಳನ್ನು ಮಾಡಲು ಹೇಳಿದ್ದು ಮೀನು ಮಾರುವ ಕಾಕ. ಅವರದು ದಂಡೆಯ ಮೂರನೇ ಮನೆ. ಮನೆ ಹೋದ ಮೇಲೆ ಮೇಲಿನ ಕಾಲೊನಿಯಲ್ಲಿ ಜಾಗ ಸಿಕ್ಕಿತ್ತು. ಒಂದು ಮಧ್ಯಾಹ್ನ ವ್ಯಾಪಾರ ಮುಗಿಸಿ ನಮ್ಮ ಜಗಲಿಯಲ್ಲಿ ಕೂತವರು, ತೂಗುಸೇತುವೆಯ ಮಾಡೆಲನ್ನು ಬಹಳ ಹೊತ್ತು ನೋಡಿದರು.

"ನಮ್ಮ ದಂಡೆ ಮಾಡ್ತೀರಾ ರೈಟರೇ? ಒಮ್ಮೊಮ್ಮೆ ನನ್ನ ಮನೆ ಬಾಗಿಲು ಯಾವ ಕಡೆಗೆ ತೆರೀತಿತ್ತು ಅಂತಲೇ ಮರೆತುಹೋಗ್ತದೆ."

ಯಾರ ಹತ್ತಿರವೂ ಸರಿಯಾದ ಫೋಟೊ ಇರಲಿಲ್ಲ. ಇದ್ದದ್ದೆಲ್ಲ ಮದುವೆಯವು, ಮಕ್ಕಳವು. ಹಿಂದೆ ಗೋಡೆಯ ತುಂಡೊಂದು ಕಂಡರೆ ಹೆಚ್ಚು. ಆಗ ನನ್ನ ಹೆಂಡತಿ ಫೋನಿನಲ್ಲಿ ನಕ್ಷೆ ತೆಗೆದು, ಎರಡು ಬೆರಳಿನಲ್ಲಿ ಹಿಗ್ಗಿಸಿ ತೋರಿಸಿದಳು. ಮೇಲಿನಿಂದ ತೆಗೆದ ಆ ಚಿತ್ರ ಹಳೆಯದು. ಅದರಲ್ಲಿ ಹದಿನಾರು ಮಾಡುಗಳೂ ಇದ್ದವು. ಹೆಂಚಿನವು ಕೆಂಪಗೆ, ಶೀಟಿನವು ಬೂದಿ ಬಣ್ಣಕ್ಕೆ. ಕಾಕನ ಮನೆ ಹಿಂದಿನ ಸೀಬೆಮರವೂ ಇತ್ತು. ಕಾಕ ಅದರ ಮೇಲೆ ಬೆರಳಿಟ್ಟರು. ಬೆರಳು ತಾಗಿದ್ದೇ ಚಿತ್ರ ಜಾರಿ ಎಲ್ಲಿಗೋ ಹೋಯಿತು. ಅವರು ಗಾಬರಿಯಿಂದ ಕೈ ಹಿಂದೆ ತೆಗೆದುಕೊಂಡರು.

ಹಳೆಯ ಬಾಗಿಲೊಂದನ್ನು ಮೇಜಿನ ಮೇಲೆ ಮಲಗಿಸಿ ಕೆಲಸ ಶುರು ಮಾಡಿದೆ. ಸುದ್ದಿ ಹಬ್ಬಿ, ದಂಡೆಯವರು ಒಬ್ಬೊಬ್ಬರೇ ನೋಡಲು ಬಂದರು. ಅಂಗಳದಲ್ಲಿ ಕೋಳಿಗೂಡು ಇತ್ತು ಅಂದರು, ಮೆಟ್ಟಿಲು ಮೂರಲ್ಲ ನಾಲ್ಕು ಅಂದರು. ಮಲಯಾಳ, ತಮಿಳು, ಕನ್ನಡ ಎಲ್ಲದರಲ್ಲೂ ಜಗಳ ನಡೆಯಿತು. ಬೇಲಿಯ ವಿಷಯಕ್ಕೆ ಹತ್ತು ವರ್ಷ ಮಾತು ಬಿಟ್ಟಿದ್ದ ಎರಡು ಮನೆಯವರು ನನ್ನ ಮೇಜಿನ ಹತ್ತಿರ ನಿಂತು, ಇಲ್ಲದ ಬೇಲಿ ಎಲ್ಲಿತ್ತು ಎಂದು ಮತ್ತೆ ಜಗಳವಾಡಿದರು. ಹೋಗುವಾಗ ಒಟ್ಟಿಗೇ ಹೋದರು.

ಫೋನಿನ ಆ ಚಿತ್ರದಲ್ಲಿ ಒಂದು ನೀಲಿ ಚೌಕ ಇತ್ತು. ಹದಿನಾರನೇ ಮನೆಯೂ ಮುಗಿದ ಮೇಲೆ, ಹೊಳೆಗೆ ತೀರ ಹತ್ತಿರ, ಬಿದಿರು ಮೆಳೆಯ ಪಕ್ಕದಲ್ಲಿ. ಅದೇನು ಎಂದು ಬಂದವರನ್ನೆಲ್ಲ ಕೇಳಿದೆ. ಅಲ್ಲಿ ಎಂತದೂ ಇರಲಿಲ್ಲ ಎಂದರು. ಯಾರೋ ಸೀರೆ ಒಣಗಿಸಿದ್ದಿರಬೇಕು ಎಂದರು. ಮರಳಿನ ರಾಶಿಗೆ ಟಾರ್ಪಾಲು ಮುಚ್ಚಿದ್ದಿರಬಹುದು ಎಂದು ಕಾಕ ಹೇಳಿದರು.

ಹಳೆಯ ವರ್ಷಗಳ ಚಿತ್ರವೂ ಫೋನಿನಲ್ಲಿ ಸಿಗುತ್ತದಂತೆ. ಹೆಂಡತಿ ಅದನ್ನೂ ಹುಡುಕಿ ತೆಗೆದಳು. ಮೊದಲ ಚಿತ್ರಕ್ಕಿಂತ ಒಂದು ವರ್ಷ ಹಿಂದಿನದರಲ್ಲೂ ಆ ನೀಲಿ ಅಲ್ಲೇ ಇತ್ತು. ಪಕ್ಕದಲ್ಲಿ ದಾರದಷ್ಟು ಸಣ್ಣ ಕಾಲುದಾರಿ, ರಸ್ತೆಯವರೆಗೆ. ಒಣಹಾಕಿದ ಸೀರೆಗೆ ಕಾಲುದಾರಿ ಯಾಕೆ?

ಆಮೇಲೆ ನನಗೆ ಕೆಲಸ ಸಾಗಲಿಲ್ಲ. ಹದಿನಾರು ಮನೆಯೂ ಮುಗಿದಿತ್ತು, ಬಿದಿರನ್ನೂ ನೆಟ್ಟಿದ್ದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಣ್ಣು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಬೆನ್ನು ತಿರುಗಿಸಿ ಕೂತರೂ ಅಲ್ಲಿಂದ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನಿಸುತ್ತಿತ್ತು. ಮೇಜನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಪ್ರಯೋಜನವಾಗಲಿಲ್ಲ.

ಒಂದು ದಿನ ಹೆಂಡತಿ ಜಗಲಿಯಲ್ಲಿ ಬೀನ್ಸ್ ಮುರಿಯುತ್ತಿದ್ದವಳು, ತಲೆ ಎತ್ತದೆ ಹೇಳಿದಳು: "ಫೋನ್ ಚಾರ್ಜಿಗೆ ಬರ್ತಿದ್ದನಲ್ಲ, ಅವನದ್ದಲ್ವಾ ಅದು?"

ಅವಳು ಹೇಳುವ ಮೊದಲೇ ನನಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ತೋಟದ ಕೆಲಸಕ್ಕೆ ಕಂಟ್ರಾಕ್ಟರ್ ಕರೆತಂದ ಗುಂಪಿನವನು ಅವನು. ಉತ್ತರದಿಂದ ಬಂದವರೆಲ್ಲ ನಮಗೆ ಅಸ್ಸಾಮಿನವರೇ. ಯಾವ ಊರು ಎಂದು ಕೇಳುವ ಅಭ್ಯಾಸ ಇರಲಿಲ್ಲ. ತೋಟದ ಆಳುಗಳು ಸಾಲಾಗಿ ಇರುವ ಲೈನ್ ಮನೆಯಲ್ಲಿ ಜಾಗ ಇಲ್ಲದೆ ಹೊಳೆದಂಡೆಯಲ್ಲಿ ಟಾರ್ಪಾಲು ಕಟ್ಟಿಕೊಂಡಿದ್ದ. ಸಂಜೆ ಫೋನು, ಚಾರ್ಜರು ಹಿಡಿದು ನಮ್ಮ ಜಗಲಿಯ ತುದಿಯಲ್ಲಿ ನಿಲ್ಲುತ್ತಿದ್ದ. ಅದೇ ಗುಂಪಿನಲ್ಲಿ ಕೆಲಸಕ್ಕಿದ್ದ ಅವನ ಹೆಂಡತಿ ಜೊತೆಗೆ ಬಂದರೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗೇಟಿನ ಆಚೆಯೇ ಇರುತ್ತಿದ್ದಳು. ನನ್ನ ಹೆಂಡತಿ ಅಡುಗೆಮನೆಯ ಪ್ಲಗ್ಗಿಗೆ ಹಾಕಿಕೊಡುತ್ತಿದ್ದಳು. ನನಗೆ ಅದು ಸರಿಬರುತ್ತಿರಲಿಲ್ಲ. ಇವತ್ತು ಒಬ್ಬ, ನಾಳೆ ಹತ್ತು ಜನ ಬರುತ್ತಾರೆ ಎಂದು ಗೊಣಗುತ್ತಿದ್ದೆ.

ಹೊಳೆ ಏರುವ ಎರಡು ದಿನ ಮುಂಚೆ ಅವನು ಬಂದಾಗ ನನ್ನ ಹೆಂಡತಿ ಮನೆಯಲ್ಲಿರಲಿಲ್ಲ. ಸಂಪಾಜೆಯ ತವರಿಗೆ ಹೋದವಳು ಮಳೆಗೆ ಅಲ್ಲೇ ಉಳಿದಿದ್ದಳು. "ಕರೆಂಟ್ ಇಲ್ಲ" ಎಂದೆ. ನಮ್ಮಿಬ್ಬರ ತಲೆಯ ಮೇಲೆ ಜಗಲಿಯ ಬಲ್ಬು ಉರಿಯುತ್ತಿತ್ತು. ಅವನು ಬಲ್ಬನ್ನು ನೋಡಿದ. ನನ್ನನ್ನು ನೋಡಿದ. "ಠೀಕ್ ಹೈ ಸಾಬ್" ಎಂದು ಸಣ್ಣಗೆ ನಕ್ಕು, ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಇಳಿದು ಹೋದ.

ನೀರು ಬಂದ ದಿನ ದಂಡೆಯವರಿಗೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹೋಯಿತು. ಮಧ್ಯಾಹ್ನದೊಳಗೆ ಎಲ್ಲರೂ ಶಾಲೆಗೆ ಬಂದರು. ಬಂದವರ ಹೆಸರು ಬರೆಯಲು, ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಗೇ ಪೆನ್ನು ಕೊಟ್ಟರು. "ದಂಡೆಯವರು ಎಲ್ಲ ಬಂದರಾ?" ಎಂದು ಅಧಿಕಾರಿ ಕೇಳಿದಾಗ, ಪಟ್ಟಿ ನೋಡಿ, "ಹದಿನಾರು ಮನೆಯವರೂ ಬಂದಿದ್ದಾರೆ" ಎಂದು ಸಹಿ ಹಾಕಿದವನು ನಾನು. ಆ ಗ್ರೂಪಿನಲ್ಲಿ ಅವನ ನಂಬರ್ ಇರಲಿಲ್ಲ. ಇದ್ದಿದ್ದರೂ ಅವನ ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಆ ನೀಲಿ ಯಾರದೆಂದು ಕಾಕನ ಅಂಗಡಿಗೆ ಹೋಗಿ ಹೇಳಿದೆ. ಅವರು ಮೀನು ಹೆಚ್ಚುವ ಕತ್ತಿಯನ್ನು ಕೆಳಗಿಟ್ಟರು. "ನನ್ನ ಹತ್ತಿರವೇ ಮತ್ತಿ ಮೀನು ತಗೊಂಡು ಹೋಗ್ತಿದ್ದ," ಎಂದರು. "ನಮ್ಮ ದಂಡೆಯವ ಅಂತ ನನಗೆ ಯಾವತ್ತೂ ಅನ್ನಿಸಲೇ ಇಲ್ಲ, ನೋಡಿ."

ಕಂಟ್ರಾಕ್ಟರಿಗೆ ಫೋನ್ ಮಾಡಿದೆ.

"ಅವನಾ? ಹೋದ ಮಾರಾಯ್ರೆ. ಬರ್ತಾರೆ, ಹೋಗ್ತಾರೆ."

"ಹೋದದ್ದು ನೀವು ನೋಡಿದ್ರಾ?"

"ಅಷ್ಟು ಹೊಳೆ ಬಂದಾಗ ಯಾರು ಯಾರನ್ನ ನೋಡ್ತಾರೆ ರೈಟರೇ? ನೀವೇ ಹಾಜರಿ ಬರೀತಿದ್ದದ್ದಲ್ವಾ?"

ಹೌದು, ಬರೆಯುತ್ತಿದ್ದೆ. ಕಂಟ್ರಾಕ್ಟರನ ಗುಂಪಿಗೆ ಹೆಸರು ಬರೆಯುವ ಕ್ರಮ ಇರಲಿಲ್ಲ, ತಲೆ ಎಣಿಸಿ ಬರೆಯುವುದು. ಆ ಮಳೆಗೆ ಮುಂಚೆ ಇಪ್ಪತ್ತೆರಡು, ಆಮೇಲೆ ಇಪ್ಪತ್ತು. ಯಾಕೆ ಎರಡು ಕಡಿಮೆ ಎಂದು ನಾನು ಕೇಳಿರಲಿಲ್ಲ.

ಅವನ ನಂಬರ್ ಕಂಟ್ರಾಕ್ಟರನ ಫೋನಿನಲ್ಲಿ ಇನ್ನೂ ಇತ್ತು, 'ಅಸ್ಸಾಂ ಏಳು' ಎಂಬ ಹೆಸರಿನಲ್ಲಿ. ಕರೆ ಮಾಡಿದೆ. ರಿಂಗ್ ಆಯಿತು. ಎತ್ತಿದ್ದು ಒಬ್ಬಳು ಕನ್ನಡದ ಹುಡುಗಿ, ಬಯಲುಸೀಮೆ ಕಡೆಯ ಮಾತು.

"ಈ ಸಿಮ್ ನಾನು ತಗೊಂಡು ಎರಡು ವರ್ಷ ಆಯ್ತು ಅಂಕಲ್. ನಿಮಗೂ ಅವರೇ ಬೇಕಾ?"

"ಅವರೇ ಅಂದ್ರೆ?"

"ಒಬ್ಬರು ಅಜ್ಜಿ ಫೋನ್ ಮಾಡ್ತಾನೇ ಇದ್ರು. ಭಾಷೆ ಗೊತ್ತಾಗಲ್ಲ. ಒಂದೇ ಹೆಸರು ಹೇಳ್ತಾ ಇರ್ತಾರೆ. ರಾಂಗ್ ನಂಬರ್ ಅಂದ್ರೂ ಕೇಳಲ್ಲ. ಪಾಪ ಅನ್ಸುತ್ತೆ, ಆದ್ರೂ ಕೊನೆಗೆ ಬ್ಲಾಕ್ ಮಾಡಿದೆ."

ಆ ಅಜ್ಜಿಯ ನಂಬರ್ ಕೊಡಲು ಹುಡುಗಿ ಮೊದಲು ಒಪ್ಪಲಿಲ್ಲ. ನಾನು ಎಲ್ಲ ಹೇಳಿದ ಮೇಲೆ ಕಳಿಸಿದಳು.

ತೋಟದ ಲೈನಿನಲ್ಲಿ ಆ ಕಡೆಯ ಒಬ್ಬ ಹೆಂಗಸಿದ್ದಾಳೆ, ಇಲ್ಲಿಗೆ ಬಂದು ಎಂಟು ವರ್ಷವಾಗಿ ಕನ್ನಡ ಕಲಿತಿದ್ದಾಳೆ. ಒಂದು ಭಾನುವಾರ ಹಗಲು ಅವಳನ್ನು ಮನೆಗೆ ಕರೆದೆ. ನನ್ನ ಹೆಂಡತಿಯೂ ಸೇರಿ ಜಗಲಿಯಲ್ಲಿ ಮೂವರೂ ಕೂತೆವು. ಫೋನಿನ ಆಚೆ ಮುದುಕಿಯ ಧ್ವನಿ ಬಂತು. ಇವಳು ಏನೋ ಹೇಳಿದಳು. ಆ ಕಡೆ ಒಮ್ಮೆಲೇ ಮಾತು ಹೆಚ್ಚಾಯಿತು.

"ನೀವು ಯಾರು ಅಂತ ಕೇಳ್ತಾರೆ ಸಾರ್."

"ಮೇಲಿನ ಮನೆಯವರು ಅಂತ ಹೇಳು."

ಅವಳು ಹೇಳಿದಳು. ಕೇಳಿಸಿಕೊಂಡಳು. ನನ್ನ ಮುಖ ನೋಡದೆ ಕನ್ನಡಕ್ಕೆ ತಂದಳು.

"ಅವ್ರಿಗೆ ನಿಮ್ಮ ಮನೆ ಗೊತ್ತು ಸಾರ್. ಮಗ ಹೇಳಿದ್ದನಂತೆ. ಮೇಲೆ ಒಂದು ಮನೆ ಇದೆ, ಅಲ್ಲಿ ಫೋನ್ ಚಾರ್ಜ್ ಮಾಡಿ ಕೊಡ್ತಾರೆ, ಒಳ್ಳೆ ಜನ ಅಂತ." ಮತ್ತೆ ಕೇಳಿಸಿಕೊಂಡಳು. "ಲಾಸ್ಟ್ ಫೋನಲ್ಲಿ ಹೇಳಿದ್ನಂತೆ, ಬ್ಯಾಟರಿ ಮುಗೀತಾ ಇದೆ ಅಮ್ಮಾ, ಅಲ್ಲಿಗೆ ಹೋಗಿ ಚಾರ್ಜ್ ಮಾಡಿ ಆಮೇಲೆ ಮಾತಾಡ್ತೀನಿ ಅಂತ."

ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಬಲ್ಬಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ಆದರೆ ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಆಗ ನಾನು ಲೈನಿನ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. ಬಲ್ಬು ಉರಿಯುತ್ತಿತ್ತು, ಕರೆಂಟ್ ಇಲ್ಲ ಎಂದೆ, ಅವನು ಹೋದ. ಅದನ್ನು ಹಾಗೆಯೇ ಅಮ್ಮನಿಗೆ ಹೇಳು ಎಂದೆ. ಆ ಹೆಂಗಸು ಮೊದಲ ಸಲ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು ಎರಡೇ ಎರಡು ವಾಕ್ಯ ಹೇಳಿದಳು. ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಮುದುಕಿ ಅಳಲಿಲ್ಲ, ಬಯ್ಯಲಿಲ್ಲ. ಮೆತ್ತಗೆ ಏನೋ ಹೇಳಿದರು. "ಅಮ್ಮ ನಿಮಗೆ ನಮಸ್ಕಾರ ಹೇಳಿದ್ರು," ಎಂದು ಇವಳು ಫೋನ್ ಇಟ್ಟಳು. ನಾನು ಹೇಳಿದ್ದನ್ನೇ ಹೇಳಿದಳಾ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಪೊಲೀಸ್ ಠಾಣೆಗೆ ಹೋಗಿ ಮೂವರು ಕಾಣೆಯಾಗಿದ್ದಾರೆ ಎಂದು ಬರೆದುಕೊಟ್ಟೆ. ಇಷ್ಟು ವರ್ಷ ಆದ ಮೇಲೆ ಯಾಕೆ ಎಂದು ಕೇಳಿದರು. ಈಗ ನೆನಪಾಯಿತು ಎಂದೆ. ಕೇರಳದ ಕಡೆಗೆ ಹೋಗಿರಬಹುದು, ಬದುಕಿರಬಹುದು ಎಂದು ಅವರು ಹೇಳಿದರು. ಇರಬಹುದು. ಹುಡುಕುತ್ತಿದ್ದಾರೆ. ಇವತ್ತಿನವರೆಗೆ ಏನೂ ಗೊತ್ತಾಗಿಲ್ಲ.

ಅಜ್ಜಿಯ ಮನೆಯವರು ಒಂದು ಫೋಟೊ ಕಳಿಸಿದರು, ಅವನೇ ತೆಗೆದು ಮನೆಗೆ ಕಳಿಸಿದ್ದು. ಗಂಡ, ಹೆಂಡತಿ, ಮಗು. ಹಿಂದೆ ನೀಲಿ ಮಾಡು. ಬಾಗಿಲಿಗೆ ಗೊಬ್ಬರದ ಚೀಲದ ಪರದೆ. ಪಕ್ಕದಲ್ಲಿ ಹಾಲಿನ ಕ್ಯಾನಿನಲ್ಲಿ ನೆಟ್ಟ ಚೆಂಡುಹೂವು, ನಾಲ್ಕೋ ಐದೋ ಹೂ ಬಿಟ್ಟಿತ್ತು. ಅದನ್ನು ನೋಡಿ ಹದಿನೇಳನೇ ಮನೆ ಮಾಡಿದೆ. ಹದಿನಾರು ಮನೆಗೆ ಎರಡು ತಿಂಗಳು ಹಿಡಿದಿತ್ತು. ಈ ಒಂದಕ್ಕೆ ಮೂರು ವಾರ. ಕತ್ತರಿಸಿದ್ದನ್ನೇ ಮತ್ತೆ ಮತ್ತೆ ಕತ್ತರಿಸಿದೆ. ಕಾಕ ಬಂದು ನೋಡಿ, ಏನೂ ತಪ್ಪು ತೆಗೆಯದೆ, ಬಹಳ ಹೊತ್ತು ನಿಂತು ಹೋದರು. ಮಾಡೆಲನ್ನು ಈಗ ಕಾಲೊನಿಯ ಅಂಗನವಾಡಿಯಲ್ಲಿ ಇಟ್ಟಿದ್ದಾರೆ.

ಅಜ್ಜಿ ಈಗ ನನ್ನ ನಂಬರಿಗೆ ಫೋನ್ ಮಾಡುತ್ತಾರೆ. ವಾರಕ್ಕೊಮ್ಮೆ, ಕೆಲವು ಸಲ ಎರಡು ಸಲ. ಲೈನಿನ ಹೆಂಗಸು ಯಾವಾಗಲೂ ಸಿಗುವುದಿಲ್ಲ. ಮಾತನ್ನು ಕನ್ನಡಕ್ಕೆ ತರುವ ಆ್ಯಪ್ ಇದೆ ಎಂದು ನೆಂಟರ ಹುಡುಗ ಹಾಕಿಕೊಟ್ಟಿದ್ದಾನೆ. ನಾನು ಅದನ್ನು ತೆರೆದಿಲ್ಲ. ಅವರು ಮಾತಾಡುತ್ತಾರೆ, ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತೇನೆ. ನಡುವೆ ಒಂದು ಹೆಸರು ಬರುತ್ತದೆ, ಅದೊಂದು ನನಗೆ ತಿಳಿಯುತ್ತದೆ. ಆಗ "ಹಾಂ ಮಾ" ಅನ್ನುತ್ತೇನೆ. ಅವರು ಸ್ವಲ್ಪ ತಡೆದು, ಮತ್ತೆ ಶುರು ಮಾಡುತ್ತಾರೆ.