ಡಿಸ್ಕಿಗೆ ಇಳಿಯದ ಸಾಲು

ನಸ್ರೀನ್, ಆ ಸಾಲನ್ನು ನೀವು ಬರೆದಿದ್ದಿರಿ. ಅದು ಉಳಿಯದಂತೆ ಮಾಡಿದವನು ನಾನು. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ.

ಇಷ್ಟು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು — ಅದನ್ನು ವಿವರಿಸಲು ಹೊರಟರೆ ಅದೇ ಒಂದು ನೆಪವಾಗಿಬಿಡುತ್ತದೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನೀವು ನರ್ಸ್ ಆಗಿದ್ದ ಶಿರಾದ ಆ ನರ್ಸಿಂಗ್ ಹೋಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ನಾನು ಮಧುಗಿರಿಯಿಂದ ಬೈಕಿನಲ್ಲಿ ಬಂದುಹೋಗುತ್ತಿದ್ದುದು ನಿಮಗೆ ನೆನಪಿರಬಹುದು. ಕೇಸ್ ಶೀಟಿನ ಕಾಗದ ಬೇಡ, ಎಲ್ಲ ವಾರ್ಡಿಗೂ ಒಂದೇ ಸರ್ವರ್ ಸಾಕು ಎಂದು ಡಾಕ್ಟರನ್ನು ಒಪ್ಪಿಸಿದ್ದೆ. ರೋಗಿಗಳು ಹೆಚ್ಚಿದಂತೆ ಅದು ಏದುಸಿರು ಬಿಡತೊಡಗಿತು. ಸೇವ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುವುದು. "ಇದಕ್ಕಿಂತ ನಮ್ ಕಾಗ್ದಾನೇ ವಾಸಿಯಾಗಿತ್ತು ಕಣಪ್ಪ," ಎಂದರು ಡಾಕ್ಟರು, ನಿಮ್ಮೆಲ್ಲರ ಎದುರು. ನನಗೆ ಮುಖ ಎತ್ತಲಾಗಲಿಲ್ಲ.

ನಾವು ಟೈಪ್ ಮಾಡಿದ್ದು ಮೊದಲು ಮೆಮೊರಿಗೆ ಹೋಗುತ್ತದೆ, ಅಲ್ಲಿಂದ ಡಿಸ್ಕಿಗೆ. ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಹೋಯಿತು. ಡಿಸ್ಕಿಗೆ ಇಳಿದದ್ದು ಮಾತ್ರ ಉಳಿಯಿತು. ಅದಕ್ಕೇ ಸರ್ವರ್ ಪ್ರತಿ ಸಲವೂ ಡಿಸ್ಕಿಗೆ ಬರೆದು ಮುಗಿಸಿದ ಮೇಲಷ್ಟೇ 'ಸೇವ್ ಆಗಿದೆ' ಎನ್ನುತ್ತಿತ್ತು. ನಿಧಾನಕ್ಕೆ ಕಾರಣವೂ ಅದೇ. ನಾನು ಆ ಕಾಯುವಿಕೆಯನ್ನು ತೆಗೆದುಹಾಕಿದೆ. ಬಂದದ್ದನ್ನೆಲ್ಲ ಮೆಮೊರಿಯಲ್ಲೇ ಗುಡ್ಡೆ ಹಾಕಿಕೋ, ಪುರುಸೊತ್ತಾದಾಗ ಒಟ್ಟಿಗೆ ಬರೆ, ಅಲ್ಲಿಯವರೆಗೂ ಆಗಿದೆ ಅನ್ನು — ಹಾಗೆ ಸೆಟ್ಟಿಂಗ್ ಬದಲಿಸಿದೆ. ಕರೆಂಟು ಹೋದಾಗ ಸರ್ವರನ್ನು ಹಿಡಿದಿಡಬೇಕಾದ ಯುಪಿಎಸ್‌ನ ಬ್ಯಾಟರಿ ಸತ್ತಿದೆ ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಸರ್ವರ್ ಕುದುರೆಯಂತೆ ಓಡಿತು. "ಏನ್ ಸಾರ್, ಮಂತ್ರ ಹಾಕ್ಬುಟ್ರಾ?" ಎಂದು ನೀವೇ ನಕ್ಕಿರಿ. ನಾನೂ ನಕ್ಕೆ.

ಆಮೇಲೆ ಆ ಮಧ್ಯಾಹ್ನ. ಬುಕ್ಕಾಪಟ್ಟಣದ ಗಂಗಮ್ಮ ಜ್ವರ, ಕೆಮ್ಮು ಎಂದು ಮಗಳು ಲಕ್ಷ್ಮಿಯ ಜೊತೆ ಬಂದು ದಾಖಲಾಗಿದ್ದರು. ಅಮ್ಮನಿಗೆ ಪೆನ್ಸಿಲಿನ್ ಸೂಜಿ ಒಗ್ಗುವುದಿಲ್ಲ, ಹಿಂದೊಮ್ಮೆ ಉಸಿರು ಕಟ್ಟಿತ್ತು ಎಂದು ಮಗಳು ನಿಮಗೆ ಹೇಳಿದಳು. ನೀವು ಆ ಮಾತನ್ನು ಕಂಪ್ಯೂಟರಿಗೆ ಹಾಕಿ ಸೇವ್ ಒತ್ತಿದಿರಿ. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಕರೆ ಬಂತು, ಓಡಿದಿರಿ. ಕರೆಂಟು ಹೋಯಿತು. ಜನರೇಟರ್ ಹಾಕಿದ ಮೇಲೆ ಸರ್ವರ್ ಎದ್ದಿತು — ಗಂಗಮ್ಮನ ಹೆಸರಿತ್ತು, ವಯಸ್ಸಿತ್ತು. ಕೊನೆಗೆ ಹಾಕಿದ ಆ ಒಂದು ಸಾಲು ಇರಲಿಲ್ಲ. ಆಗ ತಾನೇ ಡ್ಯೂಟಿಗೆ ಬಂದ ಡಾಕ್ಟರು ಕಂಪ್ಯೂಟರಿನ ಸ್ಕ್ರೀನ್ ನೋಡಿದರು; ಅಲರ್ಜಿಯ ಜಾಗ ಖಾಲಿ. ಪೆನ್ಸಿಲಿನ್ ಸೂಜಿಯನ್ನೇ ಬರೆದರು. ಬ್ರೆಡ್ಡು ತರಲು ಹೋಗಿದ್ದ ಲಕ್ಷ್ಮಿ ಬರುವಷ್ಟರಲ್ಲಿ ಅವಳ ತಾಯಿಯ ಉಸಿರು ನಿಂತಿತ್ತು.

ಮಾರನೆಯ ದಿನ ಡಾಕ್ಟರ ಕೋಣೆಯಲ್ಲಿ ನೀವು ನಿಂತಿದ್ದಿರಿ. "ಅಲ್ಲಾ ಕಸಮ್ ಸಾರ್, ನಾನು ಹಾಕಿದೀನಿ. ಸೇವ್ ಆಗಿದೆ ಅಂತಾನೂ ಬಂತು." ಡಾಕ್ಟರು ನನ್ನ ಕಡೆ ತಿರುಗಿದರು. "ಸೇವ್ ಅಂತ ಬಂದ ಮೇಲೂ ಹೋಗೋದುಂಟೇನಪ್ಪ?"

ನಾನಂದೆ: "ಇಲ್ಲ ಸಾರ್. ಸೇವ್ ಒತ್ತಿದ್ರೆ ಇದ್ದೇ ಇರುತ್ತೆ."

ನೀವು ನನ್ನ ಮುಖವನ್ನೇ ನೋಡಿದಿರಿ. ಸಿಟ್ಟಿನಿಂದಲ್ಲ — ನಾನು ಬಲ್ಲವನು, ಹೇಳಿದ್ದು ನಿಜವಿರಬಹುದು ಎನ್ನುವಂತೆ. ಆ ಸಂಜೆಯೇ ಸೆಟ್ಟಿಂಗನ್ನು ಮೊದಲಿನಂತೆ ಮಾಡಿಟ್ಟೆ. ನಿಮ್ಮನ್ನು ಕೆಲಸದಿಂದ ತೆಗೆದರು. ಶಿರಾದಲ್ಲಿ ಬೇರೆ ಯಾವ ಆಸ್ಪತ್ರೆಯೂ ನಿಮ್ಮನ್ನು ಸೇರಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ.

ಕಳೆದ ತಿಂಗಳು ಕೇಬಲ್ ಕೆಲಸಕ್ಕೆಂದು ವಳ್ಳೂರಿನ ಸೋಲಾರ್ ಪಾರ್ಕಿಗೆ ಹೋಗಿದ್ದೆ. ಸೋಲಾರ್ ಪ್ಲೇಟುಗಳ ಸಾಲಿನ ನಡುವೆ, ಪ್ಲೇಟು ಒರೆಸುವ ಹೆಂಗಸರ ಗುಂಪಿನಲ್ಲಿ ನೀವಿದ್ದಿರಿ. ನಾನು ಗುರುತಿಸಲಿಲ್ಲ, ನೀವೇ ಗುರುತಿಸಿ ಮಾತಾಡಿಸಿದಿರಿ. ಊಟ ಆಯ್ತಾ ಎಂದು ಕೇಳಿದಿರಿ. ಆಮೇಲೆ ಮೆಲ್ಲಗೆ, "ಸಾರ್, ಒಂದ್ ಮಾತು. ನಾನು ಒತ್ತಿದ್ದೆ ಅನ್ಕಂಡಿದ್ದೆ. ಈಗೀಗ ನಂಗೇ ಅನುಮಾನ. ಮನೇಲಿ ಗ್ಯಾಸ್ ಆರ್ಸಿದ್ರೂ ತಿರ್ಗಾ ತಿರ್ಗಾ ಹೋಗಿ ನೋಡ್ತೀನಿ. ನನ್ ಕೈ ಮೇಲೆ ನಂಗೇ ನಂಬಿಕೆ ಇಲ್ದಂಗಾಗೈತೆ."

ಕೆಲಸ ಕಸಿದುಕೊಂಡೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಅಲ್ಲಿ ತಿಳಿಯಿತು. ಆದರೂ — ಆಗಲೂ — "ಇರಲಿ ಬಿಡಿ ನಸ್ರೀನ್, ಹಳೇದು" ಎಂದು ಬೈಕ್ ಹತ್ತಿದೆ. ಎರಡನೇ ಸಲವೂ ಅದೇ ಸುಳ್ಳು.

ನಿನ್ನೆ ಡಾಕ್ಟರ ಎದುರು ನಿಂತು ಎಲ್ಲವನ್ನೂ ಹೇಳಿದೆ. "ಈಗ್ಯಾಕಪ್ಪ ಅದೆಲ್ಲ, ಮುಗಿದೋಗಿದ್ದು," ಎಂದರು. ನಾನು ಬುಕ್ಕಾಪಟ್ಟಣಕ್ಕೆ ಹೋದೆ. ಲಕ್ಷ್ಮಿ ಕೊಟ್ಟಿಗೆಯಲ್ಲಿದ್ದಳು. ಕೊನೆಯವರೆಗೂ ಕೇಳಿಸಿಕೊಂಡಳು. ಕೂಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ.

"ಆ ನರ್ಸಮ್ಮಂಗೆ ದಿನಾ ದೀಪ ಹಚ್ಚಿ ಶಾಪ ಹಾಕಿದೀನಲ್ಲ," ಎಂದಳು. "ಅವಳ ಮಕ್ಕಳಿಗೂ ತಟ್ಟಲಿ ಅಂತ. ಈಗ ಅದನ್ನ ಹೆಂಗ್ ವಾಪಸ್ ತಕ್ಕಳ್ಳಿ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಳೆ ವಳ್ಳೂರಿಗೆ ಬರುತ್ತಿದ್ದೇನೆ, ನಸ್ರೀನ್. ಇಲ್ಲಿ ಬರೆದದ್ದನ್ನೆಲ್ಲ ನಿಮ್ಮ ಎದುರು, ನಿಮ್ಮ ಜೊತೆಯ ಹೆಂಗಸರೆಲ್ಲ ಕೇಳುವಂತೆ ಹೇಳುತ್ತೇನೆ. ನೀವು ಕ್ಷಮಿಸಬೇಕಾಗಿಲ್ಲ.