ಮಲ್ಲಾಜಮ್ಮನ ಬೆರಳಿಗೆ ಸಿಕ್ಕ ತಡೆ

ನಮ್ಮ ಸೀಮೆಯ ರೇಷ್ಮೆ ನೂಲು ಬಿಸಿನೀರಿನಲ್ಲಿ ಬೆಂದ ಬೆರಳುಗಳಿಂದ ಬಂದದ್ದು. ಸೀರೆ ಉಟ್ಟವರಿಗೆಲ್ಲ ಇದು ಗೊತ್ತಿರಬೇಕಿತ್ತು. ಗೊತ್ತಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ.

ಉಮ್ಮತ್ತೂರಿನ ಮಲ್ಲಾಜಮ್ಮ ಹದಿನೆಂಟು ವರ್ಷ ಹಾಗೆ ಬೆರಳು ಬೇಯಿಸಿಕೊಂಡವಳು. ಬೆಳಗಿನ ಬಸ್ಸಿಗೆ ಚಾಮರಾಜನಗರ, ಅಲ್ಲಿ ನೂಲು ಬಿಚ್ಚುವ ಕಾರ್ಖಾನೆ, ತೊಟ್ಟಿಯ ಬಿಸಿನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳು. ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳೇ ಹುಡುಕಬೇಕು. ಓಡುತ್ತಿರುವ ನೂಲಿನಲ್ಲಿ ಸಾಸಿವೆಗಿಂತ ಸಣ್ಣ ಗಂಟು ಬಂದರೂ ಬೆರಳೇ ಹೇಳಬೇಕು. ಒಂದು ದಿನ ಕಾರ್ಖಾನೆ ಬಾಗಿಲು ಹಾಕಿತು. ಆ ಬೆರಳುಗಳಿಗೆ ಯಾರೂ ಸರ್ಟಿಫಿಕೇಟು ಬರೆದುಕೊಡಲಿಲ್ಲ.

ತಮ್ಮ ರಾಚಯ್ಯನದು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಅಂಟಿಕೊಂಡಂತೆ ಒಂದು ತಗಡಿನ ಗ್ಯಾರೇಜು. ಟರ್ಬೊ ಗಾಡಿಗಳ ಕೆಲಸದಲ್ಲಿ ಅವನ ಹೆಸರು ಮೈಸೂರಿನವರೆಗೂ ಓಡಿತ್ತು. "ಬಾರಕ್ಕ, ಸಾಮಾನು ತೊಳ್ಕಂಡು ಇರೀವಂತೆ" ಅಂದ. ಮಲ್ಲಾಜಮ್ಮ ಬಂದಳು. ಡೀಸೆಲ್ ತುಂಬಿದ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಕರಿ ತಿಕ್ಕಿದಳು. ಗಾಡಿ ಹುಚ್ಚಿನ ಗಂಡಸರ ಬಾಯಲ್ಲಿ 'ತೊಳೆಯೋ ಅಕ್ಕ' ಆದಳು.

ಟರ್ಬೊ ಅನ್ನುವುದು ಬಸವನಹುಳುವಿನ ಆಕಾರದ, ಅಂಗೈ ಮೇಲೆ ಕೂರುವಷ್ಟು ಚಿಕ್ಕ ಯಂತ್ರ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಉಕ್ಕಿನ ಕಡ್ಡಿಯೊಂದರ ತುದಿಯ ಚಕ್ರ ತಿರುಗುತ್ತದೆ, ಅದೇ ಕಡ್ಡಿಗೆ ಪೋಣಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ. ಆ ಕಡ್ಡಿಯನ್ನು ಹಿಡಿದಿರುವುದು ಕಬ್ಬಿಣವಲ್ಲ, ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪದರ. ತಮ್ಮನ ಬಾಯಲ್ಲಿ ಇದನ್ನು ಕೇಳಿದ ದಿನ ಮಲ್ಲಾಜಮ್ಮ ತೊಳೆಯುತ್ತಿದ್ದ ಟರ್ಬೊವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿದಳು. "ಲೋ ರಾಚಯ್ಯ, ಇದು ಒಂದ್ ಜಾಗ್ದಲ್ಲಿ ತಡೀತದೆ ಕಣ್ಲಾ."

ರಾಚಯ್ಯ ನಕ್ಕ. ಬಿಚ್ಚಿದಾಗ ಕಡ್ಡಿಯ ಮೇಲೆ ಒಂದು ಗೀರಿತ್ತು. ಬಿಸಿಲಿಗೆ ಹಿಡಿದು ಹೊರಳಿಸಿದರಷ್ಟೇ ಕಾಣುವ ಗೀರು. ಅವತ್ತಿನಿಂದ ಆ ಶೆಡ್ಡಿನಲ್ಲಿ ಒಂದು ಪದ್ಧತಿ ಬಂತು. ಮೊದಲು ರಾಚಯ್ಯನ ಗೇಜು, ಆಮೇಲೆ ಅಕ್ಕನ ಬೆರಳು. ಕಡ್ಡಿ ಎಷ್ಟು ಸಡಿಲ ಅಂತ ಮಾತ್ರ ಗೇಜು ಹೇಳುತ್ತದೆ. ಒಳಗೆ ಏನು ತರಚಿದೆ ಅಂತ ಹೇಳುವುದು ಬೆರಳು.

ಮೊನ್ನೆ ಒಂದು ಶನಿವಾರ ಬೆಳಗ್ಗೆ ಐದು ಗಾಡಿಗಳು ಶೆಡ್ಡಿನ ಮುಂದೆ ಸಾಲುಗಟ್ಟಿದವು. ಘಾಟಿ ಇಳಿದು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೊರಟ ತಂಡ. ಎಂಜಿನ್ ಆರುವವರೆಗೆ ಟೀ, ಹರಟೆ. ನಡುವೆ ನಿಂತ ಕೆಂಪು ಗಾಡಿ ಚಾಮರಾಜನಗರದ ಅರಿಸಿನ ವ್ಯಾಪಾರಿ ಮನೆಯ ಮಾದೇಶನದು. ಬೆಂಗಳೂರಿನಲ್ಲಿ ಗಾಡಿಗೆ ಲ್ಯಾಪ್‌ಟಾಪ್ ಚುಚ್ಚಿಸಿ, ಎಂಜಿನ್ನಿನ ಲೆಕ್ಕ ಬದಲಿಸಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಗಾಳಿ ತುಂಬುವಂತೆ ಮಾಡಿಸಿದ್ದ. ಅಷ್ಟು ಗಾಳಿ ತಾಳುವಂಥ ಹೊಸ ಟರ್ಬೊವನ್ನು ಹದಿನೈದು ದಿನದ ಹಿಂದೆ ಕೂರಿಸಿದ್ದು ರಾಚಯ್ಯನೇ.

"ಅಕ್ಕನ ಕೈಲಿ ದೃಷ್ಟಿ ತೆಗೆಸ್ಬುಡ್ಲಾ ಮಾದೇಶ" ಅಂತ ಅವನ ಗೆಳೆಯ ರವಿಕುಮಾರ ಕಿಚಾಯಿಸಿದ. "ಹೋದ್ಸಲ ದಾರಿ ಉದ್ದಕ್ಕೂ ನಿನ್ನ ಹೊಗೆ ಕುಡ್ಕಂಡೇ ಬಂದೆ."

"ಮುಂದೆ ಹೋಗಕ್ಕಾಗ್ದಿದ್ರೆ ಹೊಗೇನೇ ಗತಿ ಕಣ್ಲಾ" ಅಂದ ಮಾದೇಶ.

ರಾಚಯ್ಯ ಗಾಳಿಯ ಕೊಳವೆ ಕಳಚಿ ಗೇಜು ಇಟ್ಟ. ಮುಳ್ಳು ಸರಿಯಾದ ಜಾಗದಲ್ಲೇ ನಿಂತಿತು. ಮಲ್ಲಾಜಮ್ಮ ಸೆರಗಿಗೆ ಕೈ ಒರೆಸಿ ಎರಡು ಬೆರಳು ಒಳಗಿಟ್ಟಳು. ಒಂದು ಸುತ್ತು. ಕಣ್ಣು ಮುಚ್ಚಿ ಇನ್ನೊಂದು ಸುತ್ತು. ಓಡುವ ನೂಲಿನಲ್ಲಿ ಗಂಟು ಹಾದಂತೆ, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ತಡೆ.

ಅವಳು ಬೆರಳು ಹೊರಗೆ ತೆಗೆದಳು. ಕಾರಣ ಅವಳಿಗೆ ತಕ್ಷಣ ಹೊಳೆದಿತ್ತು. ಹದಿನೈದು ದಿನದ ಹಿಂದೆ ಟರ್ಬೊಗೆ ಎಣ್ಣೆ ಹೋಗುವ ಪೈಪು ಕೂರಿಸುವಾಗ, ಸೋರಿ ಮಾನ ಹೋದೀತೆಂದು ರಾಚಯ್ಯ ಕೆಂಪು ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದ. ತಟ್ಟೆಯ ಮುಂದೆ ಕೂತಿದ್ದ ಅವಳು ನೋಡಿದ್ದಳು. ಅವನಿಗೆ ಗೊತ್ತಿರುತ್ತೆ ಅಂತ ಸುಮ್ಮನಿದ್ದಳು. ಹೆಚ್ಚಾದ ಪೇಸ್ಟು ಒಳಕ್ಕೆ ಉಕ್ಕಿ ಎಣ್ಣೆಯ ತೂತು ಕಟ್ಟಿಕೊಂಡಿದ್ದರೆ? ಎಣ್ಣೆ ಸಾಲದೆ ಘಾಟಿಯಲ್ಲಿ ಕಡ್ಡಿ ಮುರಿದು ಬಿಸಿ ಕೊಳವೆಗೆ ಎಣ್ಣೆ ಚೆಲ್ಲಿದರೆ ಬೆಂಕಿ. ಗಾಡಿಯೊಳಗೆ ಮಾದೇಶ.

ರಾಚಯ್ಯ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಹತ್ತಿರ ಬಂದು ಪಿಸುಗುಟ್ಟಿದ: "ಕಂಪ್ನಿ ಮಾಲೇ ಸರಿಯಿಲ್ಲ ಅಂದ್ಬುಡಕ್ಕ. ಇಷ್ಟ್ ಜನದ ಮುಂದೆ ಬೇಡ."

ಎಷ್ಟು ಸುಲಭ ನೋಡಿ. ಕಂಪನಿ ಅಂದರೆ ಆಯಿತು, ಬೆಂಗಳೂರಿನ ಲ್ಯಾಪ್‌ಟಾಪ್ ಅಂದರೂ ಆಯಿತು. ಎಲ್ಲರೂ ನಂಬುತ್ತಿದ್ದರು. ತಮ್ಮನ ಇಪ್ಪತ್ತು ವರ್ಷದ ಹೆಸರು ಉಳಿಯುತ್ತಿತ್ತು.

"ಮಾದೇಶಪ್ಪಾ, ಈ ಗಾಡಿ ಎತ್ಬೇಡಿ" ಅಂದಳು ಮಲ್ಲಾಜಮ್ಮ. "ಟರ್ಬೊ ಒಳಗೆ ತರಚ್ಕಂಡದೆ. ತಪ್ಪು ನಮ್ದೇ. ಪೇಸ್ಟ್ ಜಾಸ್ತಿ ಬಳ್ದುದ್ದ ನಾನು ನೋಡಿದ್ದೆ, ಬಾಯಿ ಬುಡ್ನಿಲ್ಲ."

ಮಾದೇಶ ತಾನೇ ಬೆರಳು ಇಟ್ಟು ತಿರುಗಿಸಿದ. "ನಂಗೇನೂ ಗೊತ್ತಾಯ್ತಿಲ್ವಲ್ಲಕ್ಕ?"

"ಇಗೋ ಈಗ. ಇಗೋ, ಮತ್ತೆ." ಅವಳು ಅವನ ಬೆರಳ ಮೇಲೆ ಬೆರಳಿಟ್ಟು ತೋರಿಸಿದಳು. ಅವನಿಗೆ ತಿಳಿಯಲಿಲ್ಲ. ರವಿಕುಮಾರನಿಗೂ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಐದು ಜನ ಬೆರಳಿಟ್ಟು, ಐದು ಜನವೂ ಇಲ್ಲವೆಂದು ತಲೆಯಾಡಿಸಿದರು.

ರಾಚಯ್ಯ ಸ್ಪ್ಯಾನರ್ ತೆಗೆದುಕೊಂಡ. ಎಣ್ಣೆಯ ಪೈಪು ಕಳಚಿ ಬಂದಾಗ ಅದರ ಬಾಯಿಗೆ ಅಡ್ಡಲಾಗಿ ಕೆಂಪು ಪೊರೆಯೊಂದು ನೇತಾಡುತ್ತಿತ್ತು. ಟರ್ಬೊ ಬಿಚ್ಚಿ ಕಡ್ಡಿಯನ್ನು ಬಿಸಿಲಿಗೆ ಹಿಡಿದ. ಮೊದಲು ಏನೂ ಕಾಣಲಿಲ್ಲ. ಹೊರಳಿಸಿದ. ಕೂದಲೆಳೆಯಂಥ ಗೀರು ಮಿಂಚಿ ಮರೆಯಾಯಿತು.

ಮಾದೇಶ ಗೀರನ್ನು ನೋಡಲಿಲ್ಲ. ಮಲ್ಲಾಜಮ್ಮನ ಕೈಯನ್ನೇ ನೋಡುತ್ತಾ ನಿಂತಿದ್ದ. ಬೆಂದು ಬೆಂದು ಬೆಳ್ಳಗೆ ನುಣ್ಣಗಾದ ತುದಿಗಳು, ಮೇಲೆ ಡೀಸೆಲಿನ ಕರಿ. "ಅಕ್ಕ, ನಿಮ್ಮೆಸ್ರೇನು?" ಅಂದ. ಮೂರು ವರ್ಷದಿಂದ ಬರುತ್ತಿದ್ದವನು.

"ಮಲ್ಲಾಜಮ್ಮ."

ಆಮೇಲೆ ಎಲ್ಲ ಚೆನ್ನಾಯಿತು ಅಂದರೆ ಸುಳ್ಳಾಗುತ್ತದೆ. ಮಾದೇಶ ಗಾಡಿಯನ್ನು ಅಲ್ಲೇ ಬಿಟ್ಟು ರವಿಕುಮಾರನ ಪಕ್ಕ ಕೂತು ಹೋದ. ಬೇರೆ ಟರ್ಬೊವನ್ನು ರಾಚಯ್ಯ ತನ್ನ ಖರ್ಚಿನಲ್ಲೇ ಹಾಕಿಕೊಟ್ಟ. ಸುದ್ದಿ ಗಾಡಿಯವರ ಗುಂಪುಗಳಲ್ಲಿ ಹರಿದಾಡಿ, ಕೆಲವರು ಈ ಕಡೆ ಬರುವುದನ್ನೇ ಬಿಟ್ಟರು. ರಾಚಯ್ಯ ಮೂರು ದಿನ ಅಕ್ಕನ ಹತ್ತಿರ ಮಾತು ಬಿಟ್ಟ. ನಾಲ್ಕನೇ ದಿನ ಹೊಸ ಪೈಪು ಹಿಡಿದು ಅವಳ ಮುಂದೆ ಕೂತ. "ನೋಡಕ್ಕ, ಇಷ್ಟು ಬಳುದ್ರೆ ಸಾಕಾ?"

"ಪೇಸ್ಟೇ ಬ್ಯಾಡ ಕಣ್ಲಾ, ವಾಷರ್ ಹಾಕು" ಅಂದಳು.

ಈಗ ನಿಮ್ಮ ಸರದಿ. ಗೋಡೆ ಕಟ್ಟಿಸಿದವರೇ, ಔಷಧಿ ಬರೆದವರೇ, ರಸ್ತೆಗೆ ಸಹಿ ಹಾಕಿದವರೇ, ವೈರು ಎಳೆದವರೇ: ನೀವು ಕೆಡಿಸಿದ್ದೊಂದು ಎಲ್ಲೋ ಇನ್ನೊಬ್ಬರ ಪ್ರಾಣ ಹೊತ್ತು ಓಡುತ್ತಿದೆ, ಮತ್ತು ಅದು ನಿಮಗೆ ಗೊತ್ತು. ಫೋನು ಕೈಯಲ್ಲೇ ಇದೆ. ಅವರಿಗೆ ಈಗಲೇ ಮಾಡಿ. 'ನಿಲ್ಲಿಸಿ, ತಪ್ಪು ನಂದು' ಅನ್ನಿ.